ಸಾಂಬ್ರಾಕ್ಕೆ ಬಾರದವರು

ಬೆಳಗಾವಿಯಲ್ಲಿ ಒಂದು ಮಾತಿಗೆ ಯಾರೂ ಎದುರಾಡುವುದಿಲ್ಲ: ‘ನಮ್ಮದು ಸೈನಿಕರ ಜಿಲ್ಲೆ, ಇಲ್ಲಿ ಸತ್ತ ಜವಾನನಿಗೆ ಸಿಗುವ ಬೀಳ್ಕೊಡುಗೆ ಬೇರೆ ಎಲ್ಲೂ ಸಿಗುವುದಿಲ್ಲ.’ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ ಇಳಿಯುತ್ತದೆ. ಮರಾಠಾ ಲಘು ಪದಾತಿ ದಳದವರು ಬಂದೂಕು ತಲೆಕೆಳಗು ಮಾಡಿ ನಿಲ್ಲುತ್ತಾರೆ. ಜಿಲ್ಲಾ ಉಸ್ತುವಾರಿ ಸಚಿವರು, ಸಂಸದರು, ಶಾಸಕರು, ಜಿಲ್ಲಾಧಿಕಾರಿ, ಎಸ್‌ಪಿ, ಹೀಗೆ ಶಿಷ್ಟಾಚಾರದ ಪಟ್ಟಿಯಲ್ಲಿ ಬರೆದ ಕ್ರಮದಲ್ಲೇ ಹೂವು ಇಡುತ್ತಾರೆ. ಆಮೇಲೆ ಚೆಂಡುಹೂವಿನಲ್ಲಿ ಮುಳುಗಿದ ಸೇನೆಯ ಟ್ರಕ್ಕು ಹೊರಡುತ್ತದೆ. ಊರು ಖಾನಾಪುರದ ಕಡೆಯದಾದರೆ ಪೀರನವಾಡಿ, ಮಚ್ಛೆ ದಾಟುವಷ್ಟರಲ್ಲಿ ಹಿಂದೆ ನೂರಾರು ಬೈಕು ಸೇರಿಕೊಂಡಿರುತ್ತವೆ. ದಾರಿಯುದ್ದಕ್ಕೂ ಫ್ಲೆಕ್ಸ್. ಸತ್ತವನ ಮುಖ ನಡುವೆ, ಶ್ರದ್ಧಾಂಜಲಿ ಕೋರುವವರ ಮುಖಗಳು ಸುತ್ತ. ಕೆಲವು ಫ್ಲೆಕ್ಸ್‌ಗಳಲ್ಲಿ ಕೋರುವವರ ಮುಖವೇ ದೊಡ್ಡದು. ಶಾಲಾ ಮೈದಾನದಲ್ಲಿ ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ, ಕಹಳೆ ಮೊಳಗುತ್ತದೆ, ಮಡಚಿದ ಧ್ವಜ ಹೆಂಡತಿಯ ಕೈಗೆ ಬರುತ್ತದೆ. ಮರುದಿನ ಪತ್ರಿಕೆಗಳಲ್ಲಿ ‘ಸಕಲ ಸರ್ಕಾರಿ ಗೌರವಗಳೊಂದಿಗೆ’ ಎಂಬ ಸಾಲು.

ಇದನ್ನು ನೋಡಿ ಕಣ್ಣು ಒದ್ದೆ ಮಾಡಿಕೊಳ್ಳುವವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನ ತಕರಾರು ಇರುವುದು ಈ ದೃಶ್ಯದ ಮೇಲೆ ಕಟ್ಟಿಕೊಂಡ ನಂಬಿಕೆಯ ಬಗ್ಗೆ. ಬೀಳ್ಕೊಡುಗೆ ಎಷ್ಟು ಅದ್ದೂರಿಯಾಗಿದ್ದರೆ ಸತ್ತವನಿಗೆ ಅಷ್ಟು ಗೌರವ ಎನ್ನುವ ನಂಬಿಕೆ ಅದು. ಈ ನೆಲ ತನ್ನ ಸೈನಿಕರನ್ನು ಎಂದೂ ಹೀಗೆಯೇ ಕಳಿಸಿಕೊಟ್ಟಿದೆ ಎನ್ನುವ ಹೆಮ್ಮೆಯೂ ಅದಕ್ಕೆ ಜೋಡಿ. ಎರಡೂ ಸುಳ್ಳು. ಅದ್ದೂರಿತನ ಅಳೆಯುವುದು ಸತ್ತವನ ಗೌರವವನ್ನಲ್ಲ, ಆ ಸಾವು ಆಳುವವರಿಗೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎನ್ನುವುದನ್ನು. ಇದಕ್ಕೆ ಸಾಕ್ಷಿ ಬೇಕಾದರೆ ಪರದೇಶದಲ್ಲಿ ಸತ್ತು ಸಾಂಬ್ರಾಕ್ಕೆ ಬಾರದೇ ಉಳಿದವರ ಲೆಕ್ಕ ತೆಗೆಯಬೇಕು.

ಮೊದಲು ಪರಂಪರೆಯ ಮಾತು ಮುಗಿಸಿಬಿಡೋಣ. ಸೈನಿಕನ ದೇಹವನ್ನು ಮನೆಯ ಬಾಗಿಲಿಗೆ ತರುವ ಪದ್ಧತಿ ನಮ್ಮಲ್ಲಿ ವ್ಯಾಪಕವಾದದ್ದು 1999ರ ಕಾರ್ಗಿಲ್ ಯುದ್ಧದಲ್ಲಿ. 1962, 1965, 1971ರ ಯುದ್ಧಗಳಲ್ಲಿ ಸತ್ತವರಿಗೆ ಬಹುಪಾಲು ರಣರಂಗದ ಹತ್ತಿರವೇ ಸಂಸ್ಕಾರವಾಯಿತು. ಮನೆಗೆ ಬಂದದ್ದು ತಂತಿ, ಆಮೇಲೆ ಅವನ ಟ್ರಂಕು. ಕಾರ್ಗಿಲ್‌ನ ಹೊತ್ತಿಗೆ ಟಿವಿ ಚಾನೆಲ್ಲುಗಳು ಬಂದಿದ್ದವು, ಚುನಾವಣೆ ಹತ್ತಿರವಿತ್ತು, ಯುದ್ಧ ಗೆದ್ದಿದ್ದೆವು. ಪೆಟ್ಟಿಗೆಗಳು ಊರೂರಿಗೆ ಹೋದವು. ಪೆಟ್ಟಿಗೆಗಳ ಖರೀದಿಯಲ್ಲೇ ಹಗರಣವೆದ್ದಿತು. ಅಮೆರಿಕದ ಕಂಪನಿಯೊಂದರಿಂದ ತಲಾ 2,500 ಡಾಲರ್‌ಗೆ 500 ಅಲ್ಯೂಮಿನಿಯಂ ಪೆಟ್ಟಿಗೆಗಳಿಗೆ ಆರ್ಡರ್ ಕೊಟ್ಟದ್ದನ್ನು ಮಹಾಲೇಖಪಾಲರ ವರದಿ ಆಕ್ಷೇಪಿಸಿತು, ಸಿಬಿಐ ಆರೋಪಪಟ್ಟಿ ಹಾಕಿತು, 2013ರಲ್ಲಿ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. ತಪ್ಪು ಯಾರದು ಎಂಬುದು ಇಲ್ಲಿ ಮುಖ್ಯವಲ್ಲ. ಅಜ್ಜನ ಕಾಲದ್ದು ಎಂದು ನಾವು ಎದೆಯುಬ್ಬಿಸಿ ಹೇಳುವ ಈ ಬೀಳ್ಕೊಡುಗೆಗೆ ಇನ್ನೂ ಮೂವತ್ತು ವರ್ಷ ತುಂಬಿಲ್ಲ.

ಈಗ ಅಜ್ಜನ ಕಾಲಕ್ಕೇ ಹೋಗೋಣ. ಬೆಳಗಾವಿ ಕ್ಯಾಂಪಿನಲ್ಲಿರುವ ಮರಾಠಾ ಲಘು ಪದಾತಿ ದಳದ ರೆಜಿಮೆಂಟ್ ಕೇಂದ್ರದ ಮೂಲ 1922ರಲ್ಲಿ ಇಲ್ಲಿಗೆ ಬಂದ ತರಬೇತಿ ಬೆಟಾಲಿಯನ್. ಅದಕ್ಕೂ ಮುಂಚೆ ಅದು 114ನೇ ಮರಾಠಾ ಪಲ್ಟನ್ ಆಗಿತ್ತು. 1918ರ ಅಕ್ಟೋಬರ್ ಕೊನೆಯಲ್ಲಿ, ಇಂದಿನ ಇರಾಕಿನ ಟೈಗ್ರಿಸ್ ದಂಡೆಯ ಶರ್ಕತ್‌ನಲ್ಲಿ, ತುರ್ಕರ ವಿರುದ್ಧ ಅದು ಕಾದಿತ್ತು. ಕೇಂದ್ರದ ಆವರಣದ ಯುದ್ಧ ಸ್ಮಾರಕಕ್ಕೆ ಇಂದಿಗೂ ಶರ್ಕತ್‌ನ ಹೆಸರೇ ಇದೆ. ಗೋಡೆಯೊಳಗಿನ ರಂಗರೂಟಿಗೆ ಶರ್ಕತ್ ಎಂದರೆ ಏನೆಂದು ಗೊತ್ತು. ಗೋಡೆಯಾಚೆ ಚನ್ನಮ್ಮ ವೃತ್ತದಲ್ಲಿ ನಿಂತು ಹತ್ತು ಜನರನ್ನು ಕೇಳಿ ನೋಡಿ.

ಆ ಮೊದಲ ಮಹಾಯುದ್ಧದಲ್ಲಿ ಮರಾಠಾ ಪಲ್ಟನ್‌ಗಳು ಹೆಚ್ಚಾಗಿ ಸತ್ತದ್ದು ಮೆಸೊಪೊಟೇಮಿಯದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ. 103, 110, 117ನೇ ಪಲ್ಟನ್‌ಗಳು ಪುಣೆ ಡಿವಿಷನ್ನಿನ ಜೊತೆ ಬಾಗ್ದಾದಿನ ಹತ್ತಿರದವರೆಗೆ ಹೋಗಿ, ಸೋತು, ಕುತ್ ಎಂಬ ಊರಿನಲ್ಲಿ ಮುತ್ತಿಗೆಗೆ ಸಿಕ್ಕಿಬಿದ್ದವು. 1915ರ ಡಿಸೆಂಬರಿನಿಂದ ಸುಮಾರು ಐದು ತಿಂಗಳು. ಕುದುರೆ ಕಡಿದು ತಿನ್ನುವ ಸ್ಥಿತಿ ಬಂತು. 1916ರ ಏಪ್ರಿಲ್ 29ರಂದು ಸುಮಾರು 13,000 ಮಂದಿ ಶರಣಾದರು. ಸೆರೆಯಾದ ಸಿಪಾಯಿಗಳನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋಗಿ ರೈಲುಮಾರ್ಗದ ಕೂಲಿಗೆ ಹಚ್ಚಿದರು. ದಾರಿಯಲ್ಲಿ ಕುಸಿದವರಿಗೆ ಚಿತೆಯೂ ಇಲ್ಲ, ಗೋರಿಯೂ ಇಲ್ಲ.

ಇವರಿಗೆ ಸಂದ ಗೌರವ ಬಸ್ರಾದಲ್ಲಿದೆ. 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕ ಮೆಸೊಪೊಟೇಮಿಯದಲ್ಲಿ ಗೋರಿಯಿಲ್ಲದೆ ಹೋದ 40,500ಕ್ಕೂ ಹೆಚ್ಚು ಮಂದಿಯದು. ಅಲ್ಲಿ ಬ್ರಿಟಿಷ್ ಸೈನಿಕನ ಹೆಸರಿದೆ. ಭಾರತೀಯ ಅಧಿಕಾರಿಯ ಹೆಸರೂ ಇದೆ. ಭಾರತೀಯ ಸಿಪಾಯಿಯ ಹೆಸರು ಮಾತ್ರ ಕಲ್ಲಿಗೆ ಏರಲಿಲ್ಲ. ಪಲ್ಟನ್ನಿನ ಹೆಸರು ಬರೆದು, ಕೆಳಗೆ ಇಷ್ಟು ಜನ ಎಂದು ಸಂಖ್ಯೆ ಕೆತ್ತಿದರು. ಇದನ್ನು ಮಾಡಿದ್ದು ಯುದ್ಧಸಮಾಧಿ ಆಯೋಗ. ಸತ್ತವರೆಲ್ಲ ಸಮಾನರು, ಲಾರ್ಡ್ ಮಗನಿಗೂ ಕೂಲಿ ಮಗನಿಗೂ ಒಂದೇ ಅಳತೆಯ ಕಲ್ಲು ಎಂದು ಸಾರಿದ ಆಯೋಗವೇ ಅದು. ಹಣವಂತರು ಮಾತ್ರ ಮಗನ ದೇಹವನ್ನು ತರಿಸಿಕೊಳ್ಳುವಂತಾಗಬಾರದೆಂದು ಯಾರ ದೇಹವನ್ನೂ ಇಂಗ್ಲೆಂಡಿಗೆ ಒಯ್ಯಕೂಡದು ಎಂಬ ನಿಯಮವನ್ನೂ ಅದು ಕಾಯ್ದುಕೊಂಡಿತು. ಯುರೋಪಿನ ಮಂದಿ ಬಂದು ನೋಡುವ ಫ್ರಾನ್ಸಿನ ನವ್ ಶಪೆಲ್‌ನಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರನ್ನು ಶ್ರದ್ಧೆಯಿಂದ ಕೆತ್ತಿಸಿತು. ಯಾರೂ ನೋಡದ ಬಸ್ರಾದಲ್ಲಿ ಸಂಖ್ಯೆಯೇ ಸಾಕೆಂದಿತು. 2021ರಲ್ಲಿ ಆಯೋಗದ್ದೇ ಸಮಿತಿ ಇದನ್ನು ಒಪ್ಪಿಕೊಂಡಿತು. ಏಷ್ಯಾ, ಆಫ್ರಿಕಾದ ಕನಿಷ್ಠ 1,16,000 ಮಂದಿಗೆ ಹೆಸರಿನ ಸ್ಮರಣೆ, ಬಹುಶಃ ಯಾವ ಸ್ಮರಣೆಯೂ, ಸಿಗಲಿಲ್ಲ ಎಂದು ವರದಿ ಕೊಟ್ಟಿತು. ನೋಡುವವರಿದ್ದಲ್ಲಿ ಗೌರವ, ಇಲ್ಲದಲ್ಲಿ ಲೆಕ್ಕ: ಸಾಮ್ರಾಜ್ಯದ ಆ ಚಾಳಿಯನ್ನು ನಾವು ಬಿಟ್ಟಿದ್ದೇವೆಯೇ?

ಇಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆಂದು ನನಗೆ ಗೊತ್ತು. ‘ಅವರು ಪರಂಗಿಯವರ ಸಂಬಳಕ್ಕೆ ಹೋದವರು, ದೇಶಕ್ಕಾಗಿ ಸತ್ತವರಲ್ಲ, ಅವರ ಗೊಡವೆ ನಮಗೇಕೆ?’ ಈ ವಾದ ಹೂಡುವವರೇ ಅದೇ ಪಲ್ಟನ್‌ಗಳ ಹಳೆಯ ಪದಕಗಳ ಮುಂದೆ ಹೆಮ್ಮೆಯಿಂದ ಫೋಟೊ ತೆಗೆಸಿಕೊಳ್ಳುತ್ತಾರೆ. ಇಟಲಿಯಲ್ಲಿ 1944ರ ಜುಲೈ 10ರಂದು ಸತ್ತ ನಾಯಕ್ ಯಶವಂತ ಘಾಡಗೆಯ ವಿಕ್ಟೋರಿಯಾ ಕ್ರಾಸ್ ರೆಜಿಮೆಂಟಿನ ಕೀರ್ತಿಯಲ್ಲಿ ಇಂದಿಗೂ ಸೇರಿದೆ. ಪದಕ ಪಡೆದವನು ನಮ್ಮವನು, ಪದಕವಿಲ್ಲದೆ ಸತ್ತವನು ಪರಂಗಿಯವರ ಆಳು ಎಂಬುದು ಯಾವ ನ್ಯಾಯ? ಘಾಡಗೆಗೂ ಗೋರಿಯಿಲ್ಲ, ಕಸಿನೊ ಸ್ಮಾರಕದಲ್ಲಿ ಹೆಸರಿದೆ ಅಷ್ಟೆ.

ಆದರೂ ಆ ವಾದವನ್ನು ಒಂದು ಗಳಿಗೆ ಒಪ್ಪಿಕೊಳ್ಳುತ್ತೇನೆ. ಪರಂಗಿಯವರ ಯುದ್ಧ ಬದಿಗಿರಲಿ. 1987ರಲ್ಲಿ ಶ್ರೀಲಂಕೆಗೆ ಸೇನೆ ಕಳಿಸಿದ್ದು ಯಾವ ಪರಂಗಿ? ಜುಲೈ 29ರಂದು ಒಪ್ಪಂದವಾಯಿತು, ಶಾಂತಿಪಾಲನೆಗೆಂದು ಹೋದ ಸೇನೆ ಅಕ್ಟೋಬರಿನಲ್ಲಿ ಜಾಫ್ನಾದ ಬೀದಿಗಳಲ್ಲಿ ಯುದ್ಧ ಮಾಡುತ್ತಿತ್ತು. ಆ ಕಾರ್ಯಾಚರಣೆಯಲ್ಲಿ ಮರಾಠಾ ಲಘು ಪದಾತಿ ದಳದ ಮೊದಲನೇ ಬೆಟಾಲಿಯನ್, ‘ಜಂಗಿ ಪಲ್ಟನ್’, ಇತ್ತು. ಕುತ್‌ನಲ್ಲಿ ಸಿಕ್ಕಿಬಿದ್ದ 103ನೇ ಪಲ್ಟನ್ನೇ ಈ ಮೊದಲನೇ ಬೆಟಾಲಿಯನ್. ಎಪ್ಪತ್ತು ವರ್ಷದ ಅಂತರದಲ್ಲಿ ಒಂದೇ ಪಲ್ಟನ್ ಎರಡು ಸಲ ಸಮುದ್ರ ದಾಟಿ, ಯಾಕೆ ಹೋದೆವೆಂದು ಊರಿಗೆ ಬಿಡಿಸಿ ಹೇಳಲಾಗದ ಯುದ್ಧದಲ್ಲಿ ಜನ ಕಳೆದುಕೊಂಡಿತು. ಶ್ರೀಲಂಕೆಯಲ್ಲಿ ಒಟ್ಟು ಸತ್ತ ಭಾರತೀಯ ಸೈನಿಕರು ಸಾವಿರದ ನೂರಕ್ಕೂ ಹೆಚ್ಚು. ಕಾರ್ಗಿಲ್‌ಗಿಂತ ಎರಡು ಪಟ್ಟು. ಆ ಲೆಕ್ಕದಲ್ಲಿ ಬೆಳಗಾವಿಯ ಬೀದಿಗಳಲ್ಲಿ ಎರಡು ಪಟ್ಟು ಹೂವು ಸುರಿಯಬೇಕಿತ್ತು.

ಸುರಿಯಲಿಲ್ಲ. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮದ್ರಾಸಿನಲ್ಲಿ ಇಳಿದಾಗ ಅಲ್ಲಿನ ಮುಖ್ಯಮಂತ್ರಿ ಸ್ವಾಗತಕ್ಕೇ ಹೋಗಲಿಲ್ಲ. ಕಳಿಸಿದ ಸರ್ಕಾರ ಅಷ್ಟರಲ್ಲಿ ಬಿದ್ದಿತ್ತು, ಕರೆಸಿಕೊಂಡ ಸರ್ಕಾರಕ್ಕೆ ಆ ಯುದ್ಧ ತನ್ನದಲ್ಲ. ಗೆಲುವಿಲ್ಲ, ಘೋಷಣೆಯಿಲ್ಲ, ಹೇಳಿಕೊಳ್ಳುವ ಪಕ್ಷವಿಲ್ಲ. ಜೊತೆಗಾರನನ್ನು ಪಲಾಲಿಯಲ್ಲೋ ಜಾಫ್ನಾದಲ್ಲೋ ಬಿಟ್ಟುಬಂದ ಸಿಪಾಯಿ ರಜೆ ಹಾಕಿ ಊರಿಗೆ ಬಂದ, ಹೊಲ ನೋಡಿಕೊಂಡ, ಸುಮ್ಮನಾದ. ಸತ್ತವರಿಗಾಗಿ ಶ್ರೀಲಂಕಾ ಸರ್ಕಾರ ತನ್ನ ರಾಜಧಾನಿಯ ಸಂಸತ್ತಿನ ಹತ್ತಿರ ಸ್ಮಾರಕ ಕಟ್ಟಿಸಿತು. ನಮ್ಮ ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಎದ್ದು ಅವರ ಹೆಸರು ಗೋಡೆಗೆ ಬಂದದ್ದು ಆಮೇಲೆ, 2019ರಲ್ಲಿ.

ಈಗ ಹೇಳಿ. ಜಾಫ್ನಾದಲ್ಲಿ ಸತ್ತವನ ಧೈರ್ಯ ಕಡಿಮೆಯಿತ್ತೇ? ಅವನ ಹೆಂಡತಿಯ ದುಃಖ ಅಗ್ಗದ್ದೇ? ಒಬ್ಬನಿಗೆ ಇಡೀ ರಸ್ತೆ ಬಂದ್, ಇನ್ನೊಬ್ಬನಿಗೆ ಟಪಾಲು. ಇದಕ್ಕೆ ಕಾರಣ ಅವರು ಸತ್ತ ರೀತಿಯಲ್ಲಿಲ್ಲ. ಒಂದು ಸಾವು ವೇದಿಕೆಗೆ ಹೊಂದುತ್ತಿತ್ತು, ಇನ್ನೊಂದು ಪ್ರಶ್ನೆ ಎಬ್ಬಿಸುತ್ತಿತ್ತು. ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆಯಲ್ಲಿ ಸತ್ತವರ ಕಥೆಯೂ ಬೇರೆಯಲ್ಲ. ಕಾಂಗೋದಿಂದ ಸುಡಾನ್‌ವರೆಗೆ 170ಕ್ಕೂ ಹೆಚ್ಚು ಭಾರತೀಯರು ಹೀಗೆ ಸತ್ತಿದ್ದಾರೆ, ಬೇರೆ ಯಾವ ದೇಶವೂ ಇಷ್ಟು ಮಂದಿಯನ್ನು ಕಳೆದುಕೊಂಡಿಲ್ಲ. ಆದರೆ ಅಲ್ಲಿ ಬೈಯಲು ಶತ್ರುದೇಶವಿಲ್ಲವಾದ್ದರಿಂದ ನಮ್ಮ ಭಾಷಣಗಳಲ್ಲಿ ಅವರಿಗೆ ಜಾಗವಿಲ್ಲ.

ಅಮೆರಿಕದವರು ಇದನ್ನೇ ತಿರುವಿ ಮಾಡಿದರು. 1991ರಿಂದ 2009ರವರೆಗೆ ಡೋವರ್ ವಾಯುನೆಲೆಗೆ ಬರುವ ಪೆಟ್ಟಿಗೆಗಳ ಫೋಟೊ ತೆಗೆಯುವುದನ್ನೇ ನಿಷೇಧಿಸಿದ್ದರು. ಕುಟುಂಬದ ಖಾಸಗಿತನಕ್ಕಾಗಿ ಎಂದರು. ಇರಾಕಿನಿಂದ ಎಷ್ಟು ಪೆಟ್ಟಿಗೆ ಬರುತ್ತಿವೆ ಎಂದು ಜನ ನೋಡಬಾರದಾಗಿತ್ತು, ಅಷ್ಟೇ ವಿಷಯ. ಅವರು ಮುಚ್ಚಿಟ್ಟರು, ನಾವು ಮೆರೆಸುತ್ತೇವೆ, ನಿರ್ಧಾರ ಎರಡೂ ಕಡೆ ಕುರ್ಚಿಯದು. ಇಂಗ್ಲೆಂಡಿನ ವೂಟನ್ ಬ್ಯಾಸೆಟ್ ಎಂಬ ಸಣ್ಣ ಪೇಟೆಯಲ್ಲಿ 2007ರಿಂದ 2011ರವರೆಗೆ ಇನ್ನೊಂದು ಬಗೆ ನಡೆಯಿತು. ಅಫ್ಘಾನಿಸ್ತಾನದಿಂದ ಬಂದ ಶವವಾಹನ ಆ ಊರಿನ ಮುಖ್ಯ ಬೀದಿಯಲ್ಲಿ ಹಾಯುವಾಗ ಅಂಗಡಿಯವರು, ನಿವೃತ್ತ ಸೈನಿಕರು ಹೊರಗೆ ಬಂದು ಮಾತಿಲ್ಲದೆ ನಿಲ್ಲುತ್ತಿದ್ದರು. ಯಾವ ಕಚೇರಿಯೂ ಏರ್ಪಡಿಸಿದ್ದಲ್ಲ. ಅಲ್ಲಿಯೂ ಕ್ರಮೇಣ ಕ್ಯಾಮೆರಾ ಬಂತು, ಗುಂಪು ಬಂತು, ‘ರಾಯಲ್’ ಎಂಬ ಬಿರುದೂ ಬಂತು. ಆದರೆ ಶುರುವಿನಲ್ಲಿ ಅಲ್ಲಿದ್ದದ್ದು ಜನ ಮಾತ್ರ.

ನಮ್ಮಲ್ಲಿ ಅಂಥದ್ದಿಲ್ಲವೇ? ಖಾನಾಪುರ ತಾಲ್ಲೂಕಿನಲ್ಲೇ ಇದೆ, ನಂದಗಡದಲ್ಲಿ. 1831ರ ಜನವರಿ 26ರಂದು ಕಂಪನಿ ಸರ್ಕಾರ ಸಂಗೊಳ್ಳಿ ರಾಯಣ್ಣನನ್ನು ಅಲ್ಲಿ ನೇಣಿಗೆ ಹಾಕಿತು. ಅವನಿಗೆ ಯಾವ ಸರ್ಕಾರಿ ಗೌರವ ಸಂದಿತು? ಸರ್ಕಾರವೇ ಕೊಂದದ್ದು. ಆದರೂ ನೂರು ವರ್ಷಕ್ಕೂ ಮಿಕ್ಕಿ ಅವನ ಸಮಾಧಿಗೆ ಜನ ಹರಕೆ ಹೊತ್ತು ಬಂದರು, ಮಕ್ಕಳಾಗಲೆಂದು ತೊಟ್ಟಿಲು ಕಟ್ಟಿದರು, ಲಾವಣಿಯಲ್ಲಿ, ಗೀಗೀ ಪದದಲ್ಲಿ ಅವನನ್ನು ಕರೆದರು. ಶಿಷ್ಟಾಚಾರದ ಪಟ್ಟಿ ಹಿಡಿದು ಯಾರೂ ಹೂವಿಡಲಿಲ್ಲ. (ಈಗ ಇಡುತ್ತಾರೆ, ಜಯಂತಿಗೊಮ್ಮೆ, ಪುಣ್ಯತಿಥಿಗೊಮ್ಮೆ, ಮೈಕಿನ ಜೊತೆ.)

ಇನ್ನೂ ಹಿಂದಕ್ಕೆ ಹೋದರೆ ವೀರಗಲ್ಲುಗಳಿವೆ. ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವ ಆ ಕಲ್ಲುಗಳ ಮುಂದೆ ಸೆಲ್ಫಿ ತೆಗೆಯುವ ನಾವು ಅದರ ಬರಹವನ್ನು ಓದುವುದಿಲ್ಲ. ಇಂಥವನ ಮಗ, ಇಂಥ ಊರಿನವನು, ಇಂಥ ತುರು ಬಿಡಿಸಲು ಹೋಗಿ ಬಿದ್ದ ಎಂದು ಅವು ಹೇಳುತ್ತವೆ. ಹೆಸರು ಮತ್ತು ಕಾರಣ ಎರಡನ್ನೂ ಹೇಳುತ್ತವೆ. ಎಷ್ಟೋ ಕಡೆ ಇನ್ನೂ ಒಂದು ಸಂಗತಿ ಇರುತ್ತದೆ: ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ, ಅದರ ಅಳತೆ, ಅದನ್ನು ಕಿತ್ತುಕೊಂಡವನಿಗೆ ತಗಲುವ ಪಾಪ. ಆ ಭೂಮಿಗೆ ನೆತ್ತರುಗೊಡಗೆ ಎನ್ನುತ್ತಿದ್ದರು. ಸಾವಿರ ವರ್ಷದ ಹಿಂದೆ ಕನ್ನಡದ ಹಳ್ಳಿಯಲ್ಲಿ ಗೌರವ ಎಂದರೆ ಊರ ಮುಂದೆ ಕಲ್ಲಿನಲ್ಲಿ ಬರೆದ ಕರಾರು. ನಮ್ಮ ಇಂದಿನ ಸಮಾರಂಭದಲ್ಲಿ ಅಪ್ಸರೆಯರ ಭಾಗ ಮಾತ್ರ ಉಳಿದಿದೆ, ಕರಾರಿನ ಭಾಗ ಕಚೇರಿಯ ಕಡತಕ್ಕೆ ಹೋಗಿದೆ.

ಆ ಕಡತದಲ್ಲಿ ಏನಿದೆ ಎಂದು ಮೆರವಣಿಗೆಯ ಬೈಕಿನವರಿಗೆ ಗೊತ್ತಿಲ್ಲ. ಸೈನಿಕ ಸತ್ತಾಗ ಅವನ ಸಾವು ‘ಬ್ಯಾಟಲ್ ಕ್ಯಾಶುವಲ್ಟಿ’ಯೋ ‘ಫಿಸಿಕಲ್ ಕ್ಯಾಶುವಲ್ಟಿ’ಯೋ ಎಂದು ಸೇನೆ ವರ್ಗ ಮಾಡುತ್ತದೆ. ಸೇವೆಗೂ ಸಾವಿಗೂ ಸಂಬಂಧ ಇದೆಯೋ ಇಲ್ಲವೋ ಎಂದೂ ನೋಡುತ್ತದೆ. ಹೆಂಡತಿಯ ಪಿಂಚಣಿ ನಿಂತಿರುವುದು ಇದರ ಮೇಲೆ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ಸಂಬಳದ ಶೇ 30, ವಿಶೇಷ ಪಿಂಚಣಿ ಶೇ 60, ಯುದ್ಧದ ಸಾವಿಗೆ ಕೊಡುವ ಉದಾರೀಕೃತ ಪಿಂಚಣಿ ಪೂರ್ತಿ ಸಂಬಳದಷ್ಟು. ಕೇಂದ್ರದ ಪರಿಹಾರಧನವೂ ಸಾವಿನ ಸಂದರ್ಭ ನೋಡಿ 25 ಲಕ್ಷದಿಂದ 45 ಲಕ್ಷದವರೆಗೆ. 2024ರ ಡಿಸೆಂಬರ್ 24ರಂದು ಪೂಂಛ್‌ನಲ್ಲಿ ಮರಾಠಾ ಲಘು ಪದಾತಿ ದಳದ 11ನೇ ಬೆಟಾಲಿಯನ್ನಿನ ವಾಹನ ಕಂದಕಕ್ಕೆ ಉರುಳಿ ಅಂದೇ ಐವರು ಸತ್ತರು, ಅದರಲ್ಲಿ ಮೂವರು ನಮ್ಮ ರಾಜ್ಯದವರು. ವೇದಿಕೆಯಿಂದ ಇಂಥ ಪ್ರತಿ ಸಾವನ್ನೂ ‘ವೀರಮರಣ’ ಎನ್ನುತ್ತಾರೆ. ಅನ್ನಲಿ. ಆದರೆ ಕಂದಕಕ್ಕೆ ವಾಹನ ಯಾಕೆ ಉರುಳುತ್ತದೆ, ಎಷ್ಟು ಸಲ ಉರುಳಿದೆ ಎಂದು ಕೇಳುವ ಬಾಯಿಯನ್ನು ಅದೇ ಪದ ಮುಚ್ಚಿಸುತ್ತದೆ.

2022ರಿಂದ ಇದಕ್ಕೆ ಇನ್ನೊಂದು ಪದರ ಸೇರಿದೆ. ಇದೇ ಬೆಳಗಾವಿಯ ಕೇಂದ್ರದಲ್ಲಿ ತರಬೇತಾಗಿ ಹೊರಬೀಳುವ ಹುಡುಗರು ಈಗ ಅಗ್ನಿವೀರರು, ನಾಲ್ಕು ವರ್ಷದ ನೌಕರಿ. ಕರ್ತವ್ಯದಲ್ಲಿ ಸತ್ತರೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ, ಉಳಿದ ಅವಧಿಯ ಸಂಬಳ ಎಂದು ಯೋಜನೆ ಹೇಳುತ್ತದೆ. ಕುಟುಂಬಕ್ಕೆ ತಿಂಗಳ ಪಿಂಚಣಿ ಇಲ್ಲ. ಒಂದೇ ಬಂಕರಿನಲ್ಲಿ ಒಂದೇ ಶೆಲ್ಲಿಗೆ ಒಬ್ಬ ಕಾಯಂ ಜವಾನ, ಒಬ್ಬ ಅಗ್ನಿವೀರ ಸತ್ತರೆಂದು ಇಟ್ಟುಕೊಳ್ಳಿ. ಟ್ರಕ್ಕಿನ ಹೂವು ಒಂದೇ, ಗುಂಡಿನ ಸುತ್ತು ಒಂದೇ, ಸಚಿವರ ಭಾಷಣ ಒಂದೇ. ಹದಿನೈದು ವರ್ಷದ ನಂತರ ಎರಡು ಮನೆಗಳ ಒಲೆ ಒಂದೇ ಆಗಿರುವುದಿಲ್ಲ. ಈ ವ್ಯತ್ಯಾಸ ಕಣ್ಣಿಗೆ ಬೀಳದಂತೆ ಮಾಡುವುದರಲ್ಲಿ ಸಮಾರಂಭದಷ್ಟು ಸಮರ್ಥವಾದದ್ದು ಬೇರೆ ಇಲ್ಲ. ಅಗತ್ಯವಿಲ್ಲದಲ್ಲಿ ಆ ಸಮಾರಂಭವೂ ಇಲ್ಲ. 2023ರ ಅಕ್ಟೋಬರಿನಲ್ಲಿ ಪಂಜಾಬಿನ ಒಬ್ಬ ಅಗ್ನಿವೀರ ಕಾವಲಿನಲ್ಲಿದ್ದಾಗ ತನ್ನದೇ ಗುಂಡಿನಿಂದ ಸತ್ತಾಗ, ಸ್ವಯಂಕೃತ ಗಾಯಕ್ಕೆ ಸೇನಾ ಗೌರವ ಕೊಡುವ ನಿಯಮವಿಲ್ಲ ಎಂದು ಸೇನೆ ಹೇಳಿತು. ಹತ್ತೊಂಬತ್ತರ ಹುಡುಗನೊಬ್ಬ ಯಾಕೆ ಆ ಸ್ಥಿತಿಗೆ ಬಂದ ಎನ್ನುವುದು ಯಾವ ಮೈದಾನದಲ್ಲೂ ಭಾಷಣವಾಗಲಿಲ್ಲ.

ಹೆಂಡತಿಯ ಕೈಗೆ ಮಡಚಿದ ಧ್ವಜ ಕೊಡುವ ಗಳಿಗೆಯ ಫೋಟೊ ಎಲ್ಲ ಪತ್ರಿಕೆಯಲ್ಲೂ ಬರುತ್ತದೆ. ಆ ಫೋಟೊ ನೋಡಿದಾಗೆಲ್ಲ ನನಗೆ ಒಂದು ನಿಯಮ ನೆನಪಾಗುತ್ತದೆ. ಶೌರ್ಯ ಪದಕ ಪಡೆದ ಸೈನಿಕನ ವಿಧವೆಗೆ ಸಿಗುವ ಭತ್ಯೆ ಆಕೆ ಮರುಮದುವೆಯಾದರೆ ನಿಲ್ಲುತ್ತಿತ್ತು. ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. 2017ರ ನವೆಂಬರಿನಲ್ಲಿ ರಕ್ಷಣಾ ಸಚಿವಾಲಯ ಈ ಷರತ್ತು ತೆಗೆಯಿತು. ಅಂದರೆ ಕಾರ್ಗಿಲ್‌ನಿಂದ ಹದಿನೆಂಟು ವರ್ಷ, ಸಾವಿರಾರು ಕೈಗಳಿಗೆ ಧ್ವಜ ಕೊಟ್ಟ ಸರ್ಕಾರದ ಪುಸ್ತಕದಲ್ಲಿ, ನಿನ್ನ ಹಣ ಬೇಕಾದರೆ ಮೈದುನನನ್ನೇ ಕಟ್ಟಿಕೋ ಎಂಬ ಅರ್ಥದ ಸಾಲು ಇತ್ತು. ಯಾವ ಮೆರವಣಿಗೆಯೂ ಅದನ್ನು ಕೇಳಲಿಲ್ಲ. ಕೇಳುವುದಕ್ಕೆ ಮೆರವಣಿಗೆಗೆ ಪುರುಸೊತ್ತು ಎಲ್ಲಿ, ಅದು ಸಂಜೆಯೊಳಗೆ ಮುಗಿಯಬೇಕು.

ನನ್ನ ಮಾತಿಗೆ ಬಲವಾದ ಉತ್ತರ ಒಂದೇ ಇದೆ: ಸತ್ತವನ ಮನೆಯವರಿಗೇ ಇದು ಬೇಕು. ಊರೆಲ್ಲ ನಿಂತು ಅತ್ತಿತು ಎಂಬುದು ತಾಯಿಗೆ ದೊಡ್ಡ ಆಸರೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಮಗನ ಮುಖ ಕೊನೆಯ ಸಲ ನೋಡುವ ಹಕ್ಕು ಕುತ್‌ನಲ್ಲಿ ಸತ್ತವನ ತಾಯಿಗೆ ಸಿಗಲಿಲ್ಲ, ಇಂದಿನ ತಾಯಿಗೆ ಸಿಕ್ಕಿದೆ, ಅದು ಗಳಿಕೆಯೇ. ಆದರೆ ತಾಯಿಗೆ ಆಸರೆಯಾದದ್ದು ಊರವರು. ಗಣ್ಯರ ಕಾರು ಬರುವವರೆಗೆ ದೇಹವನ್ನು ಮೈದಾನದಲ್ಲಿ ಬಿಸಿಲಿಗೆ ಕಾಯಿಸುವುದು, ಕ್ಯಾಮೆರಾಗೆ ಅಡ್ಡವಾಗುತ್ತಾರೆಂದು ತಂಗಿಯರನ್ನು ಹಗ್ಗದಾಚೆ ಸರಿಸುವುದು, ಖಾನಾಪುರದಂಥ ಎರಡು ಭಾಷೆಯ ತಾಲ್ಲೂಕಿನಲ್ಲಿ ಯಾವ ಬಣ್ಣದ ಬಾವುಟ ಮುಂದಿರಬೇಕೆಂದು ಎಳೆದಾಡುವುದು, ಇವು ಯಾವ ತಾಯಿಯ ಬೇಡಿಕೆ? ಊರಿಗೆ ಬಿಟ್ಟರೆ ಅವರಿಗೆ ಗೊತ್ತು ಹೇಗೆ ಕಳಿಸಿಕೊಡಬೇಕೆಂದು. ಹೆಗಲು ಕೊಡುತ್ತಾರೆ, ಹದಿಮೂರು ದಿನ ಆ ಮನೆಗೆ ರೊಟ್ಟಿ ತರುತ್ತಾರೆ. ಸೇನೆಯ ಜೊತೆಗಾರರು ಬಂದು ಸಲ್ಯೂಟ್ ಹೊಡೆಯಲಿ, ಅದು ಅವರ ಹಕ್ಕು. ಉಳಿದವರಿಗೆ ಅಲ್ಲಿ ಕೆಲಸವಿಲ್ಲ.

ಕೆಲಸ ಬೇಕಾದವರಿಗೆ ಬೇರೆ ಇದೆ. ಬೆಳಗಾವಿ, ಖಾನಾಪುರದ ಯಾವ ಯಾವ ಹಳ್ಳಿಯಿಂದ ಯಾರು ಮೆಸೊಪೊಟೇಮಿಯಕ್ಕೆ, ಇಟಲಿಗೆ, ಜಾಫ್ನಾಕ್ಕೆ ಹೋಗಿ ಮರಳಲಿಲ್ಲ ಎಂದು ಹೆಸರು ಹೆಸರಾಗಿ ಪಟ್ಟಿ ಮಾಡಲಿ. ಯುದ್ಧಸಮಾಧಿ ಆಯೋಗದ ದಾಖಲೆ ತೆರೆದಿದೆ, ರೆಜಿಮೆಂಟ್ ಕೇಂದ್ರ ಕಣ್ಣೆದುರಿಗಿದೆ, ಪಂಚಾಯಿತಿ ಕಚೇರಿಗೆ ಗೋಡೆಯಿದೆ. ಮುಂದಿನ ಸಲ ಸಾಂಬ್ರಾಕ್ಕೆ ಪೆಟ್ಟಿಗೆ ಬಂದಾಗ ಹೂವಿಡಲು ಸಾಲು ನಿಂತ ಸಚಿವರನ್ನು ಪತ್ರಕರ್ತರು ಮೂರು ಪ್ರಶ್ನೆ ಕೇಳಲಿ. ಈ ಸಾವನ್ನು ಯಾವ ವರ್ಗಕ್ಕೆ ಹಾಕಿದ್ದೀರಿ? ಇವನು ಕಾಯಂ ಸಿಪಾಯಿಯೋ ಅಗ್ನಿವೀರನೋ? ಇವನ ಹೆಂಡತಿಯ ಮೊದಲ ಪಿಂಚಣಿ ಯಾವ ತಿಂಗಳು ಜಮೆಯಾಗುತ್ತದೆ?